ವಾರಕ್ಕೆ ಹತ್ತು ಗಂಟೆ

ವಾರಕ್ಕೆ ಹತ್ತು ಗಂಟೆ ಎಲ್ಲಿಂದ ತರುವುದು? ಹಾಫ್ ಐರನ್‌ಮ್ಯಾನ್ ಮಾಡಬೇಕು ಅಂತ ಆಸೆ ಹುಟ್ಟಿದಾಗ ನನ್ನ ಮುಂದೆ ನಿಂತ ಮೊದಲ ಪ್ರಶ್ನೆ ಇದು. ಸಮುದ್ರದಲ್ಲಿ 1.9 ಕಿಲೋಮೀಟರ್ ಈಜು, ಆಮೇಲೆ 90 ಕಿಲೋಮೀಟರ್ ಸೈಕಲ್, ಆಮೇಲೆ 21.1 ಕಿಲೋಮೀಟರ್ ಓಟ. ಒಂದು ಮುಗಿದ ಕೂಡಲೇ ಇನ್ನೊಂದು, ಇದಕ್ಕೆ ಟ್ರಯಥ್ಲಾನ್ ಅನ್ನುತ್ತಾರೆ. ಗಡಿಯಾರ ಎಲ್ಲೂ ನಿಲ್ಲುವುದಿಲ್ಲ. ಮೂರೂ ಸೇರಿದರೆ 113 ಕಿಲೋಮೀಟರ್, ಮೈಲಿ ಲೆಕ್ಕದಲ್ಲಿ 70.3. ಐರನ್‌ಮ್ಯಾನ್ 70.3 ಅಂತ ಸ್ಪರ್ಧೆಯ ಹೆಸರಿನಲ್ಲಿ ಆ ಸಂಖ್ಯೆ ಇರುವುದು ಅದಕ್ಕೇ. ಎಂಟೂವರೆ ಗಂಟೆಯೊಳಗೆ ಮುಗಿಸಿದರೆ ಮೆಡಲ್.

ಆಗ ನನಗೆ 47 ವರ್ಷ. ಮೈಸೂರಿನಲ್ಲಿ ಬ್ಯಾಂಕ್ ಕೆಲಸ. ಮನೆಯಲ್ಲಿ ವಯಸ್ಸಾದ ಅತ್ತೆ, ಪಿಯುಸಿ ಓದುವ ಮಗಳು. ಇವರು, ಅಂದರೆ ನನ್ನ ಗಂಡ, ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಉಪನ್ಯಾಸಕರು. ಸೊಂಟನೋವಿಗೆ ಅಂತ ಶುರು ಮಾಡಿದ ಈಜು ಅಭ್ಯಾಸವಾಗಿತ್ತು. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಓಡಿ ಓಡಿ ಹಾಫ್ ಮ್ಯಾರಥಾನ್ ಕೂಡ ಮುಗಿಸಿದ್ದೆ. ಸೈಕಲ್ ಮಾತ್ರ ಹೈಸ್ಕೂಲ್ ಕಾಲದಲ್ಲಿ ಬಿಟ್ಟಿದ್ದು.

ರಾತ್ರಿ ಊಟ ಆದ ಮೇಲೆ ಇವರ ಹತ್ತಿರ ವಿಷಯ ಎತ್ತಿದೆ. "ರೀ, ಮುಂದಿನ ವರ್ಷ ಗೋವಾದಲ್ಲಿ ಟ್ರಯಥ್ಲಾನ್ ಮಾಡೋಣ ಅಂತಿದೀನಿ. ವಾರಕ್ಕೆ ಹತ್ತು ಗಂಟೆ ಬೇಕು." ಯಾಕೆ, ಏನು ಅಂತ ಇವರು ಕೇಳಲಿಲ್ಲ. ಮಗಳ ರಫ್ ನೋಟ್‌ಬುಕ್‌ನಿಂದ ಒಂದು ಹಾಳೆ ತಂದು ನನ್ನ ಮುಂದೆ ಇಟ್ಟರು. "ಬೆಳಿಗ್ಗೆ ಐದರಿಂದ ಏಳರ ತನಕ ನೀನು ಏನೇನು ಮಾಡ್ತೀಯ, ಎಲ್ಲ ಬರಿ. ಒಂದೂ ಬಿಡಬೇಡ."

ಬರೆದೆ. ಬಾಗಿಲಿಗೆ ನೀರು ಹಾಕಿ ರಂಗೋಲಿ. ಹಾಲು ಕಾಯಿಸುವುದು. ಡಿಕಾಕ್ಷನ್ ಇಳಿಸುವುದು. ಅತ್ತೆಯವರಿಗೆ ಖಾಲಿ ಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆ, ಅದಾದ ಅರ್ಧ ಗಂಟೆಗೆ ಕಾಫಿ. ಅವರ ಸ್ನಾನಕ್ಕೆ ನೀರು ತೋಡಿ ಕೊಡುವುದು. ತಿಂಡಿ. ಮಗಳ ಡಬ್ಬಿ. ದೇವರ ದೀಪ. ಸೋಮವಾರ, ಗುರುವಾರ ಕಸದ ಗಾಡಿಗೆ ಒಣ ಕಸ. ಬರೆಯುತ್ತಾ ಹೋದಂತೆ ಹಾಳೆ ತುಂಬಿತು. ಇವರು ಪೆನ್ನು ತೆಗೆದುಕೊಂಡು ಒಂದೊಂದಕ್ಕೂ ಗುರುತು ಹಾಕಿದರು. "ಇದು ನಂದು. ಇದೂ ನಂದು. ರಂಗೋಲಿ ನಂಗೆ ಬರಲ್ಲ, ಅದನ್ನ ಮಗಳು ಹಾಕ್ಲಿ. ಅಮ್ಮನ ಮಾತ್ರೆ ಇವತ್ತಿಂದ ನಂದು."

ಇಲ್ಲಿ ಒಂದು ಮಾತು ಹೇಳಲೇಬೇಕು. ಇವರು "ನಿಂಗೆ ಸಹಾಯ ಮಾಡ್ತೀನಿ" ಅನ್ನಲಿಲ್ಲ, "ಇದು ನಂದು" ಅಂದರು. ಸಹಾಯ ಅಂದರೆ ನೆನಪಿಟ್ಟುಕೊಳ್ಳುವ ಕೆಲಸ ನನ್ನ ತಲೆಯಲ್ಲೇ ಉಳಿಯುತ್ತದೆ. ಮಾತ್ರೆ ಮುಗಿಯುತ್ತಾ ಬಂತಾ, ದೋಸೆ ಹಿಟ್ಟು ಇದೆಯಾ, ಗ್ಯಾಸ್ ಬುಕ್ ಮಾಡಿದ್ದಾಯ್ತಾ ಅಂತ ಕೊಳದಲ್ಲಿ ಈಜುತ್ತಲೂ ಯೋಚಿಸುತ್ತಾ ಇರಬೇಕಾಗುತ್ತದೆ. ಕೆಲಸವನ್ನು ಪೂರ್ತಿ ವಹಿಸಿಕೊಂಡರೆ ಮಾತ್ರ ಆ ಹತ್ತು ಗಂಟೆ ನಿಜವಾಗಿ ಸಿಗುತ್ತದೆ. ನಮ್ಮ ಕಡೆ ಮಧ್ಯವಯಸ್ಸಿನ ಹೆಂಗಸರು ಇಂಥ ಸ್ಪರ್ಧೆಗಳಲ್ಲಿ ಇಷ್ಟು ಕಡಿಮೆ ಇರೋದಕ್ಕೆ ಕಾಲಿನಲ್ಲಿ ಶಕ್ತಿ ಇಲ್ಲದಿರುವುದು ಕಾರಣ ಅಂತ ನನಗೆ ಅನ್ನಿಸುವುದಿಲ್ಲ. ಬೆಳಗಿನ ಆ ಎರಡು ಗಂಟೆ ಅವರ ಕೈಯಲ್ಲಿ ಇರುವುದಿಲ್ಲ.

ಶುರು ಮಾಡುವ ಮುಂಚೆ ಡಾಕ್ಟರ್ ಹತ್ತಿರ ಹೋದೆವು. ಟ್ರೆಡ್‌ಮಿಲ್ ಮೇಲೆ ಓಡಿಸಿ ಹೃದಯ ನೋಡಿದರು. ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್, ಥೈರಾಯ್ಡ್, ವಿಟಮಿನ್ ಡಿ ಪರೀಕ್ಷೆ ಮಾಡಿಸಿದರು. ಫೆರಿಟಿನ್ ಅಂದರೆ ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಂಶದ ಅಳತೆ. ಹಿಮೋಗ್ಲೋಬಿನ್ ಸರಿ ಇದ್ದರೂ ಇದು ತಳ ಮುಟ್ಟಿರಬಹುದು. ನನಗೆ ಹಾಗೇ ಆಗಿತ್ತು. ಕಬ್ಬಿಣದ ಮಾತ್ರೆ ಬರೆದುಕೊಟ್ಟು, ಕಾಫಿ ಜೊತೆ ತಗೋಬೇಡಿ, ಕಾಫಿ ಟೀ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ಬಿಡುವುದಿಲ್ಲ ಅಂದರು. ಹೆಂಗಸರು ಓಡಲು ಶುರು ಮಾಡಿ "ಯಾಕೋ ಸುಸ್ತು" ಅನ್ನುವಾಗ ಈ ಒಂದು ಪರೀಕ್ಷೆ ಮಾಡಿಸಿಕೊಳ್ಳಿ ಅಂತ ನಾನು ಈಗ ಸಿಕ್ಕಿದವರಿಗೆಲ್ಲ ಹೇಳುತ್ತೇನೆ.

ಇನ್ನೊಂದು ವಿಷಯ ಮುಟ್ಟು ನಿಲ್ಲುವ ಹೊತ್ತಿನದು. ಇದರ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ರಾತ್ರಿ ಎರಡು ಗಂಟೆಗೆ ಮೈ ಕಾದು ಬೆವರಿ ಎಚ್ಚರವಾಗುತ್ತದೆ. ಮತ್ತೆ ನಿದ್ದೆ ಬರುವಷ್ಟರಲ್ಲಿ ನಾಲ್ಕೂವರೆಯ ಅಲಾರಂ. ಈಸ್ಟ್ರೋಜನ್ ಇಳಿಯುತ್ತಾ ಹೋದಂತೆ ಮೂಳೆ ಸವೆಯುತ್ತದೆ, ಸ್ನಾಯು ಕರಗುತ್ತದೆ. ಅದಕ್ಕೆ ಕೋಚ್ ವಾರಕ್ಕೆ ಎರಡು ದಿನ ಕಡ್ಡಾಯವಾಗಿ ಭಾರ ಎತ್ತಿಸಿದರು. ಸ್ಕ್ವಾಟ್, ಡೆಡ್‌ಲಿಫ್ಟ್, ಒಂಟಿ ಕಾಲಿನಲ್ಲಿ ಮೆಟ್ಟಿಲು ಹತ್ತಿ ಇಳಿಯುವುದು. ವಯಸ್ಸಿನಲ್ಲಿ ಚಿಕ್ಕವರಿಗೆ ಮೂರು ವಾರ ಜೋರು, ಒಂದು ವಾರ ಹಗುರ ಅನ್ನುವ ಲೆಕ್ಕ ಇರುತ್ತದೆ. ನನಗೆ ಎರಡು ವಾರ ಜೋರು, ಒಂದು ವಾರ ಹಗುರ. ನಿದ್ದೆ ಕೆಟ್ಟ ದಿನ ಅಭ್ಯಾಸ ಮುಂದಕ್ಕೆ ಹಾಕುವ ಅಧಿಕಾರ ನನ್ನದು ಅಂತ ಮೊದಲೇ ಮಾತಾಗಿತ್ತು. ಅಂಥ ದಿನ ನಾನು ಏಳುವ ಮುಂಚೆ ಇವರೇ ಅಲಾರಂ ಆಫ್ ಮಾಡಿ ಮಲಗಿಸಿದ್ದೂ ಉಂಟು.

ಈಜು ಸರಸ್ವತಿಪುರಂನ ವಿಶ್ವವಿದ್ಯಾನಿಲಯದ ಕೊಳದಲ್ಲಿ. 50 ಮೀಟರ್ ಲೆಕ್ಕದಲ್ಲಿ 1.9 ಕಿಲೋಮೀಟರ್ ಅಂದರೆ ಈ ತುದಿಯಿಂದ ಆ ತುದಿಗೆ 38 ಸಲ. ದೂರ ಕಷ್ಟವಾಗಲಿಲ್ಲ. ಉಸಿರು ಬಿಡುವುದನ್ನು ಕಲಿಯುವುದೇ ಕಷ್ಟ. ನೀರೊಳಗೆ ಮುಖ ಇರುವಾಗಲೇ ಪೂರ್ತಿ ಉಸಿರು ಬಿಟ್ಟಿರಬೇಕು. ಆಗ ಮೇಲೆ ಬಂದಾಗ ಎಳೆದುಕೊಳ್ಳಲು ಜಾಗ ಇರುತ್ತದೆ. ಇಷ್ಟು ಸಣ್ಣ ವಿಷಯ ಕೈಗೆ ಹತ್ತಿದ ಮೇಲೆ ಈಜು ಹಗುರವಾಯಿತು.

ಓಟ ನನಗೆ ಗೊತ್ತಿದ್ದದ್ದೇ ಅಂದುಕೊಂಡಿದ್ದೆ. ಕೋಚ್ ಅದನ್ನೂ ನಿಧಾನ ಮಾಡಿಸಿದರು. ವಾರದ ಓಟದಲ್ಲಿ ಹೆಚ್ಚು ಪಾಲು ಪಕ್ಕದವರ ಜೊತೆ ಆರಾಮವಾಗಿ ಮಾತಾಡಿಕೊಂಡು ಓಡುವ ವೇಗದಲ್ಲಿರಬೇಕು. ಮಾತು ತುಂಡಾದರೆ ವೇಗ ಜಾಸ್ತಿ ಆಯಿತು ಅಂತ. ಗಂಟೆಗಟ್ಟಲೆ ನಡೆಯುವ ಸ್ಪರ್ಧೆಗೆ ದೇಹ ಕೊಬ್ಬನ್ನು ಉರಿಸಿ ಓಡುವುದನ್ನು ಕಲಿಯಬೇಕು, ಅದು ಈ ನಿಧಾನದಲ್ಲೇ ಬರುವುದು. ಹಾಗಾಗಿ ಕುಕ್ಕರಹಳ್ಳಿಯಲ್ಲಿ ಹೆಜ್ಜಾರ್ಲೆಗಳನ್ನು ನೋಡುತ್ತಾ ಓಡುವಷ್ಟು ಪುರುಸೊತ್ತು ಸಿಕ್ಕಿತು. ವಾಕಿಂಗ್ ಬರುವ ಹಿರಿಯರು ಮುಂದೆ ಹೋಗುತ್ತಿದ್ದರೂ ಬೇಜಾರಾಗುತ್ತಿರಲಿಲ್ಲ.

ಸೈಕಲ್‌ಗೆ ನಂಜನಗೂಡು ರಸ್ತೆ. ಮೈಸೂರಿನಿಂದ ನಂಜನಗೂಡಿಗೆ ಎರಡು ಸಲ ಹೋಗಿ ಬಂದರೆ ಹತ್ತಿರ ಹತ್ತಿರ 90 ಕಿಲೋಮೀಟರ್ ಆಗುತ್ತದೆ. ಶನಿವಾರ ಬೆಳಕು ಹರಿಯುವ ಮುಂಚೆ ಹೊರಡುತ್ತಿದ್ದೆ. ಮೊದಮೊದಲು ಹೆದರಿಕೆ. ಕ್ಲಿಪ್ ಇರುವ ಶೂ ಪೆಡಲ್‌ಗೆ ಸಿಕ್ಕಿಕೊಂಡಿರುತ್ತದೆ, ಪಕ್ಕದಲ್ಲೇ ಲಾರಿ ಗಾಳಿ ಬೀಸಿಕೊಂಡು ಹೋಗುತ್ತದೆ. ಇವರು ಸ್ಕೂಟರಿನಲ್ಲಿ ಹಿಂದೆ ಬರುತ್ತಿದ್ದರು. ಕೆಂಪು ಲೈಟ್ ಮಿನುಗಿಸಿಕೊಂಡು, ನನಗಿಂತ ಸ್ವಲ್ಪ ಎಡಕ್ಕೆ ಹಿಂದೆ. ಡಿಕ್ಕಿಯಲ್ಲಿ ಒಂದು ಟ್ಯೂಬ್, ಪಂಪು, ಟೈರ್ ಬಿಚ್ಚುವ ಪ್ಲಾಸ್ಟಿಕ್ ಕಡ್ಡಿ, ಏಲಕ್ಕಿ ಬಾಳೆಹಣ್ಣು, ನೀರಿನ ಕ್ಯಾನ್. ಗಂಟೆಗಟ್ಟಲೆ 25ರ ವೇಗದಲ್ಲಿ ಸ್ಕೂಟರ್ ಓಡಿಸುವುದು ಎಷ್ಟು ಬೇಸರದ ಕೆಲಸ ಅಂತ ಓಡಿಸಿದವರಿಗೇ ಗೊತ್ತು.

ಒಂದು ಶನಿವಾರ ಮಂಡಕಳ್ಳಿ ಏರ್‌ಪೋರ್ಟ್ ದಾಟಿದ ಮೇಲೆ ಹಿಂದಿನ ಚಕ್ರ ಪಂಕ್ಚರ್ ಆಯಿತು. ಇವರು ಕೆಳಗಿಳಿದು ಬಂದರು, ಸೈಕಲ್ ಮುಟ್ಟಲಿಲ್ಲ. "ರೇಸ್ ದಿನ ನೀನೇ ಹಾಕ್ಬೇಕಲ್ವಾ? ಹಾಕು, ನಾನು ಟೈಮ್ ನೋಡ್ತೀನಿ." ಚೈನನ್ನು ಸಣ್ಣ ಗೇರಿಗೆ ಇಳಿಸಿ ಚಕ್ರ ಬಿಚ್ಚಿದೆ. ಟೈರಿನ ಅಂಚು ಎಬ್ಬಿಸಿ ಟ್ಯೂಬ್ ಎಳೆದೆ. ಹೊಸದನ್ನು ಹಾಕುವ ಮುಂಚೆ ಟೈರಿನ ಒಳಗೆ ಬೆರಳಾಡಿಸಿ ನೋಡಿದಾಗ ಲಾರಿ ಟೈರಿನ ತಂತಿಯ ಸಣ್ಣ ಚೂರು ಸಿಕ್ಕಿತು, ಕೂದಲಿಗಿಂತ ಸ್ವಲ್ಪ ದಪ್ಪ. ಅದನ್ನು ಉಗುರಿನಿಂದ ಕಿತ್ತೆ. ಅದು ಒಳಗೇ ಇದ್ದಿದ್ದರೆ ಹೊಸ ಟ್ಯೂಬೂ ಹೋಗುತ್ತಿತ್ತು. ಕೊನೆಯಲ್ಲಿ ಟೈರಿನ ಅಂಚು ರಿಮ್‌ನೊಳಗೆ ಕೂರುವುದಿಲ್ಲ, ಹೆಬ್ಬೆರಳು ನೋಯುತ್ತದೆ. ವಾಲ್ವ್ ಹತ್ತಿರದಿಂದ ಎರಡೂ ಕೈಯಿಂದ ಟೈರನ್ನು ಹಿಂಡುತ್ತಾ ಬಂದರೆ ಎದುರು ತುದಿಯಲ್ಲಿ ಸಡಿಲ ಸಿಗುತ್ತದೆ. ಹಾಗೆ ಮಾಡಿ ಕೂರಿಸಿದೆ. ಇಪ್ಪತ್ತು ನಿಮಿಷದ ಮೇಲೇ ಹಿಡಿಯಿತು. ಆಮೇಲೆ ಮನೆಯ ಹಾಲ್‌ನಲ್ಲಿ ಟಿವಿ ನೋಡುತ್ತಾ ಅಭ್ಯಾಸ ಮಾಡಿ ಮಾಡಿ ಅರ್ಧಕ್ಕಿಂತ ಕಡಿಮೆಗೆ ಇಳಿಸಿದೆ.

ಸೈಕಲ್ ಇಳಿದ ಕೂಡಲೇ ಓಡುವ ಅಭ್ಯಾಸಕ್ಕೆ ಬ್ರಿಕ್ ಅನ್ನುತ್ತಾರೆ. ಮೂರು ಗಂಟೆ ಪೆಡಲ್ ತುಳಿದ ಕಾಲಿಗೆ ಓಡುವುದೇ ಮರೆತುಹೋಗಿರುತ್ತದೆ. ತೊಡೆ ಮರಗಟ್ಟಿರುತ್ತದೆ, ಹೆಜ್ಜೆ ಎಲ್ಲೋ ಬೀಳುತ್ತದೆ. ಹತ್ತು ಹದಿನೈದು ನಿಮಿಷ ತಡೆದುಕೊಂಡರೆ ಸರಿಹೋಗುತ್ತದೆ. ಸರಿಹೋಗುತ್ತದೆ ಅಂತ ದೇಹಕ್ಕೆ ಮೊದಲೇ ಗೊತ್ತಾಗಿರಬೇಕು, ಅದಕ್ಕೇ ಈ ಅಭ್ಯಾಸ.

ತಿನ್ನುವ ವಿಷಯದಲ್ಲಿ ಇವರ ಕೆಮಿಸ್ಟ್ರಿ ಕೆಲಸಕ್ಕೆ ಬಂತು. ಇಷ್ಟು ಹೊತ್ತು ನಡೆಯುವ ಸ್ಪರ್ಧೆಯಲ್ಲಿ ಗಂಟೆಗೆ ಸುಮಾರು 60 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗುತ್ತಲೇ ಇರಬೇಕು. ಗ್ಲೂಕೋಸ್ ಒಂದನ್ನೇ ಕೊಟ್ಟರೆ ಕರುಳು ಹೀರಿಕೊಳ್ಳುವುದಕ್ಕೆ ಒಂದು ಮಿತಿ ಇದೆ. ಫ್ರಕ್ಟೋಸ್ ಬೇರೆ ದಾರಿಯಲ್ಲಿ ಒಳಗೆ ಹೋಗುತ್ತದೆ. ಎರಡೂ ಸೇರಿದ್ದರೆ ಜಾಸ್ತಿ ಹಿಡಿಸುತ್ತದೆ. "ನಮ್ಮ ಸಕ್ಕರೆ ಅಂದ್ರೆ ಅದೇ ಕಣೇ, ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್" ಅಂತ ಇವರು ಅಡುಗೆಮನೆಯಲ್ಲೇ ಪ್ರಯೋಗ ಶುರು ಮಾಡಿದರು. ಗ್ಲೂಕೋಸ್ ಪುಡಿ, ಸಕ್ಕರೆ, ಉಪ್ಪು, ನಿಂಬೆರಸ. ಅಕ್ಕಸಾಲಿಗರ ಅಂಗಡಿಯಲ್ಲಿರುವಂಥ ಪುಟ್ಟ ತಕ್ಕಡಿ ಕೊಂಡು ತಂದು ಗ್ರಾಂ ಲೆಕ್ಕದಲ್ಲಿ ತೂಗಿ ಬಾಟಲಿಗೆ ಹಾಕುತ್ತಿದ್ದರು. ಒಂದು ಬಾಟಲಿಯಲ್ಲಿ ಗಟ್ಟಿ ಪಾನಕ, ಇನ್ನೊಂದರಲ್ಲಿ ಬರೀ ನೀರು. ಒಂದು ಗುಟುಕು ಅದು, ಎರಡು ಗುಟುಕು ಇದು.

ಬೆವರನ್ನೂ ಅಳೆದರು. ಒಂದು ಗಂಟೆ ಸೈಕಲ್ ಹೊಡೆಯುವ ಮುಂಚೆ ತೂಕ, ಆಮೇಲೆ ಬೆವರು ಒರೆಸಿಕೊಂಡು ತೂಕ. ಕುಡಿದ ನೀರನ್ನೂ ಲೆಕ್ಕಕ್ಕೆ ಸೇರಿಸಿದರೆ ಎಷ್ಟು ಬೆವರು ಹೋಯಿತು ಅಂತ ಸಿಗುತ್ತದೆ. ಏಪ್ರಿಲ್ ಬಿಸಿಲಲ್ಲಿ ಮುಕ್ಕಾಲು ಲೀಟರಿಗೂ ಜಾಸ್ತಿ ಹೋಗುತ್ತಿತ್ತು. ಬರೀ ನೀರು ಕುಡಿಯುತ್ತಾ ಹೋದರೆ ರಕ್ತದಲ್ಲಿ ಸೋಡಿಯಂ ಇಳಿದು ಅಪಾಯವಾಗುತ್ತದೆ. ಉಪ್ಪು ಬೇಕೇ ಬೇಕು. ಇವರ ಕೈಬರಹದ ಆ ಚೀಟಿ, ಬಾಟಲಿಗೆ ಏನೇನು ಎಷ್ಟೆಷ್ಟು ಅನ್ನುವುದು, ಈಗಲೂ ಫ್ರಿಜ್ ಬಾಗಿಲಿನ ಮೇಲಿದೆ.

ಸಮುದ್ರ ಮಾತ್ರ ಮೈಸೂರಿನಲ್ಲಿ ಇಲ್ಲವಲ್ಲ. ಇವರ ಅಕ್ಕನ ಮನೆ ಉಡುಪಿಯಲ್ಲಿ. ಬೇಸಿಗೆಯಲ್ಲಿ ರಜೆ ಸಿಕ್ಕಾಗಲೆಲ್ಲ ಮಡಿಕೇರಿ ದಾರಿಯಾಗಿ ಘಟ್ಟ ಇಳಿದು ಮಲ್ಪೆಗೆ ಹೋದೆವು. ಜೂನ್ ಬಂದರೆ ಕರಾವಳಿಯಲ್ಲಿ ನೀರಿಗೆ ಇಳಿಯುವ ಹಾಗಿಲ್ಲ. ಯಾಂತ್ರಿಕ ದೋಣಿಗಳಿಗೇ ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ನಿಷೇಧ. ಆ ವರ್ಷ ಗೋವಾದ ಸ್ಪರ್ಧೆ ಅಕ್ಟೋಬರ್‌ನಲ್ಲಿ. ಹಾಗಾಗಿ ಸಮುದ್ರದ ಪಾಠ ಮೇ ಒಳಗೇ ಮುಗಿಯಬೇಕಿತ್ತು.

ಪರಿಚಯದ ಮೀನುಗಾರರೊಬ್ಬರು ಸಣ್ಣ ದೋಣಿಯಲ್ಲಿ ಪಕ್ಕದಲ್ಲೇ ಬರುತ್ತಿದ್ದರು, ಇವರು ಅದರಲ್ಲಿ ಲೈಫ್ ಜಾಕೆಟ್ ಹಾಕಿಕೊಂಡು ಕೂತಿರುತ್ತಿದ್ದರು. ಇವರಿಗೆ ಈಜು ಬಾರದು, ದೋಣಿ ಅಲುಗಿದರೆ ವಾಂತಿ. ಆದರೂ ಒಂದು ದಿನವೂ ದಡದಲ್ಲಿ ಉಳಿಯಲಿಲ್ಲ. ಮೊದಲ ಸಲ ಮುಂದೆ ಎದ್ದ ಅಲೆ ನೋಡಿ ನಾನು ನಿಂತುಬಿಟ್ಟೆ. "ಅಕ್ಕಾ, ಅದರ ಮೇಲೆ ಹತ್ತುದು ಬೇಡ ಮಾರಾಯ್ರೆ. ತಲೆ ಬಗ್ಗಿಸಿ ಅಡಿಯಿಂದ ಹೋಗಿ, ಅದರಷ್ಟಕ್ಕೆ ಮೇಲಿಂದ ಹೋಗ್ತದೆ" ಅಂದರು ಅವರು. ನೋಡಿದರೆ ಹಾಗೇ. ಅಲೆ ಒಡೆಯುವ ಮುಂಚೆ ಅದರ ಬುಡಕ್ಕೆ ತೂರಿಕೊಂಡರೆ ಬೆನ್ನ ಮೇಲೆ ಸುಮ್ಮನೆ ಉರುಳಿ ಹೋಗುತ್ತದೆ. ದಡದ ಹತ್ತಿರದ ಆ ಪಟ್ಟಿ ದಾಟಿದರೆ ಆಚೆ ಸಮುದ್ರ ಬರೀ ಏರಿಳಿಯುತ್ತಿರುತ್ತದೆ. ಉಪ್ಪುನೀರು ಕೊಳಕ್ಕಿಂತ ಚೆನ್ನಾಗಿ ತೇಲಿಸುತ್ತದೆ. ಆದರೆ ಕೆಳಗೆ ಗೆರೆ ಇಲ್ಲ. ಎಂಟು ಹತ್ತು ಸಲ ಕೈ ಬೀಸಿದ ಮೇಲೆ ಮೊಸಳೆ ಥರ ಕಣ್ಣಷ್ಟೇ ಮೇಲೆತ್ತಿ ಗುರಿ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಸೊಟ್ಟ ಹೋಗಿ ದೂರ ಜಾಸ್ತಿ ಆಗುತ್ತದೆ. ಕತ್ತು, ಕಂಕುಳು ಉಪ್ಪಿಗೆ ಉಜ್ಜಿ ಸುಲಿಯುತ್ತದೆ, ಇಳಿಯುವ ಮುಂಚೆ ವ್ಯಾಸಲೀನ್ ಹಚ್ಚಿಕೊಳ್ಳಬೇಕು.

ಜುಲೈನಲ್ಲಿ ಮಳೆ ಹಿಡಿಯಿತು. ಕಪಿಲೆ ತುಂಬಿ ನಂಜನಗೂಡಿನ ಸ್ನಾನಘಟ್ಟ ಮುಳುಗಿತ್ತು. ಸೈಕಲ್ ಮನೆಯೊಳಗೆ ಬಂತು. ಹಿಂದಿನ ಚಕ್ರವನ್ನು ಟ್ರೇನರ್ ಸ್ಟ್ಯಾಂಡ್‌ಗೆ ಸಿಕ್ಕಿಸಿ ಹಾಲ್‌ನಲ್ಲೇ ತುಳಿದೆ. ಅದೇ ಸಮಯದಲ್ಲಿ ಅತ್ತೆಯವರಿಗೆ ಜ್ವರ ಬಂದು ಆಸ್ಪತ್ರೆ ಸೇರಿಸಬೇಕಾಯಿತು. ಇವರಿಗೆ ಕಾಲೇಜು, ನನಗೆ ಬ್ಯಾಂಕು, ರಾತ್ರಿ ಸರದಿಯಲ್ಲಿ ಆಸ್ಪತ್ರೆ. ಅಭ್ಯಾಸ ಪೂರ್ತಿ ನಿಂತಿತು. ಕೋಚ್‌ಗೆ ಫೋನ್ ಮಾಡಿದರೆ, ಒಂದು ವಾರ ಬಿಟ್ಟರೆ ಕಟ್ಟಿದ ಶಕ್ತಿ ಎಲ್ಲೂ ಹೋಗುವುದಿಲ್ಲ, ನಿದ್ದೆ ಮಾಡಿ ಅಂದರು. ಅವರ ಮಾತು ನಿಜವಾಯಿತು. ಅತ್ತೆ ಮನೆಗೆ ಬಂದ ಮೇಲೆ ಹಾಲ್‌ನಲ್ಲಿ ಸೋಫಾ ಮೇಲೆ ಕೂತು ನಾನು ಪೆಡಲ್ ತುಳಿಯುವುದನ್ನು ನೋಡುತ್ತಿದ್ದರು. "ಈ ವಯಸ್ಸಲ್ಲಿ ಯಾಕಮ್ಮ ಇಷ್ಟು ಕಷ್ಟ?" ಅಂತ ಕೇಳಿದರು. "ಖುಷಿ ಆಗತ್ತೆ ಅತ್ತೆ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಮಾಡು. ನಂಗೆ ಯಾರೂ ಕೇಳ್ಲಿಲ್ಲ ಖುಷಿ ಏನರಲ್ಲಿದೆ ಅಂತ" ಅಂದರು. ಆ ಮಾತು ಇವತ್ತಿಗೂ ನನ್ನ ಜೊತೆ ಇದೆ.

ಇವರಿಗೂ ಇದರ ಬೆಲೆ ಇತ್ತು. ನಂಜನಗೂಡಿನ ಆಚೆ ಇವರ ಪಾಲಿನ ಒಂದು ತುಂಡು ತೋಟ ಇದೆ. ಭಾನುವಾರ ಅಲ್ಲಿಗೆ ಹೋಗಿ ತೆಂಗು, ನಿಂಬೆ ನೋಡಿಕೊಂಡು ಬರುವುದು ಇವರಿಗೆ ಪ್ರಾಣ. ಆ ವರ್ಷ ಕಳೆ ಎದೆಯೆತ್ತರ ಬೆಳೆಯಿತು. ಇವರು ಬಾಯಿಬಿಟ್ಟು ಹೇಳಲಿಲ್ಲ, ನಾನೇ ಕೇಳಿದೆ. ಹಗುರ ವಾರ ಬಂದಾಗಲೆಲ್ಲ ಭಾನುವಾರ ಇವರದ್ದು, ಅವತ್ತು ನಾನು ಶೂ ಕಟ್ಟುವುದಿಲ್ಲ ಅಂತ ನಿಶ್ಚಯ ಮಾಡಿಕೊಂಡೆವು. ಬೆಂಬಲ ಕೊಡುವವರಿಗೂ ದಣಿವಾಗುತ್ತದೆ. ತಯಾರಿಯ ವೇಳಾಪಟ್ಟಿಯಲ್ಲಿ ಅವರ ವಿಶ್ರಾಂತಿಗೂ ಒಂದು ಮನೆ ಇರಲೇಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಆ ವರ್ಷ, 2024ರಲ್ಲಿ, ಅಕ್ಟೋಬರ್ 3ಕ್ಕೆ ನವರಾತ್ರಿ ಶುರು. ಮೈಸೂರಿನವರಿಗೆ ದಸರಾ ಅಂದರೆ ಮನೆ ತುಂಬ ನೆಂಟರು, ಗೊಂಬೆ ಕೂರಿಸುವುದು, ದಿನಾ ಒಂದು ನೈವೇದ್ಯ. ಸ್ಪರ್ಧೆ 27ಕ್ಕೆ. ಅಭ್ಯಾಸದ ಕೊನೆಯ ದೊಡ್ಡ ವಾರ ಸರಿಯಾಗಿ ಅದರ ನಡುವೆ ಬಂತು. ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಕಾಲಿಡುವ ಹಾಗಿಲ್ಲ, ಅಷ್ಟು ಜನ. ನಾನು ಮೂರು ಗಂಟೆಗೇ ಎದ್ದು ರಿಂಗ್ ರೋಡಿನಲ್ಲಿ ಸೈಕಲ್ ಮುಗಿಸಿ ಬರುವಷ್ಟರಲ್ಲಿ ಇವರು, ಮಗಳು ಸೇರಿ ನೆಂಟರಿಗೆ ಇಡ್ಲಿ ಬಡಿಸುತ್ತಿದ್ದರು. ವಿಜಯದಶಮಿ ಆದ ಮೇಲೆ ಅಭ್ಯಾಸ ಇಳಿಸುತ್ತಾ ಬಂದೆ. ಇದಕ್ಕೆ ಟೇಪರ್ ಅನ್ನುತ್ತಾರೆ. ದಣಿವು ಇಳಿಯಬೇಕು, ಶಕ್ತಿ ಉಳಿಯಬೇಕು.

ಗೋವಾಕ್ಕೆ ಕಾರಿನಲ್ಲೇ ಹೋದೆವು. ಹಿಂದಿನ ಸೀಟು ಮಡಚಿ, ಚಕ್ರ ಬಿಚ್ಚಿದ ಸೈಕಲನ್ನು ಹಳೆ ಜಮಖಾನದಲ್ಲಿ ಸುತ್ತಿ ಮಲಗಿಸಿದೆವು. ಶಿವಮೊಗ್ಗ, ಸಾಗರ, ಹೊನ್ನಾವರ, ಕಾರವಾರ. ಸ್ಪರ್ಧೆ ನಡೆಯುವುದು ಪಣಜಿಯ ಮಿರಾಮಾರ್ ಬೀಚಿನಲ್ಲಿ. ಹಿಂದಿನ ದಿನ ರಾಗಿ, ಸೊಪ್ಪು, ಕಾಳು ಯಾವುದೂ ಇಲ್ಲ. ನಾರು ಜಾಸ್ತಿ ಇದ್ದರೆ ಓಡುವಾಗ ಹೊಟ್ಟೆ ಕೆಡುತ್ತದೆ. ಬಿಳಿ ಅನ್ನ, ಮೊಸರು, ಉಪ್ಪಿನಕಾಯಿ. ಆ ಸಂಜೆಯೇ ಸೈಕಲನ್ನು ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಬರಬೇಕು. ಹೆಲ್ಮೆಟ್ ಬಕಲ್ ಹಾಕಿದ ಮೇಲೆಯೇ ಸೈಕಲ್ ಮುಟ್ಟಬೇಕು, ವಾಪಸ್ ನಿಲ್ಲಿಸಿದ ಮೇಲೆಯೇ ಬಕಲ್ ತೆಗೆಯಬೇಕು. ಮುಂದಿನವರ ಸೈಕಲ್‌ಗೂ ನಮಗೂ 12 ಮೀಟರ್ ಅಂತರ ಇರಬೇಕು. ಹಿಂದೆ ಅಂಟಿಕೊಂಡು ಹೋದರೆ ಗಾಳಿ ಕಡಿಮೆ ತಾಗಿ ಶ್ರಮ ಉಳಿಯುತ್ತದೆ, ಅದಕ್ಕೇ ನಿಷೇಧ.

ನಿಯಮಗಳಲ್ಲಿ ಇನ್ನೊಂದು ಇದೆ. ಹೊರಗಿನವರ ಸಹಾಯ ಪಡೆಯುವ ಹಾಗಿಲ್ಲ. ಮನೆಯವರು ಒಂದು ಬಾಟಲಿ ನೀರು ಕೊಡುವಂತಿಲ್ಲ, ಪಕ್ಕದಲ್ಲಿ ಓಡಿ ಬರುವಂತಿಲ್ಲ. ತಿಂಗಳುಗಟ್ಟಲೆ ಗ್ರಾಂ ಲೆಕ್ಕದಲ್ಲಿ ತೂಗಿ ನನ್ನ ಹೊಟ್ಟೆ ತುಂಬಿಸಿದ ಮನುಷ್ಯ ಅವತ್ತು ಬೇಲಿಯ ಆಚೆ ಕೈಕಟ್ಟಿ ನಿಲ್ಲಬೇಕು. ಈ ಸ್ಪರ್ಧೆ ಶುರುವಾದಾಗ ಹೀಗಿರಲಿಲ್ಲ. ಇದನ್ನು ಹುಟ್ಟುಹಾಕಿದ್ದೇ ಒಂದು ದಂಪತಿ, ಅಮೆರಿಕದ ನೌಕಾಪಡೆಯ ಜಾನ್ ಕಾಲಿನ್ಸ್ ಮತ್ತು ಅವರ ಹೆಂಡತಿ ಜೂಡಿ. 1978ರಲ್ಲಿ ಹವಾಯಿಯ ಒಆಹು ದ್ವೀಪದಲ್ಲಿ ಮೊದಲ ಪೂರ್ಣ ಐರನ್‌ಮ್ಯಾನ್ ನಡೆದಾಗ ಹೊರಟವರು 15 ಜನ, ಮುಗಿಸಿದವರು 12. ನೀರು, ಊಟ ಕೊಡಲು ಪ್ರತಿಯೊಬ್ಬರೂ ತಮ್ಮವರನ್ನು ತಾವೇ ಕರೆತರಬೇಕಿತ್ತು. ಎರಡನೆಯವರಾಗಿ ಮುಗಿಸಿದ ಜಾನ್ ಡನ್‌ಬರ್ ಅವರ ಜೊತೆಗಾರರ ಹತ್ತಿರ ಓಟದ ಹೊತ್ತಿಗೆ ನೀರು ಖಾಲಿಯಾಗಿ ಬಿಯರ್ ಕೊಟ್ಟರಂತೆ. ಇದನ್ನು ಓದಿ ಹೇಳಿದಾಗ ಇವರು "ನಂಗೆ ಆಗಿನ ಕಾಲದ್ದೇ ಇಷ್ಟ" ಅಂದರು.

27ರ ಬೆಳಿಗ್ಗೆ ಮರಳಿನ ಮೇಲೆ ಸಾಲಾಗಿ ನಿಂತೆವು. ಎಡಗಾಲಿನ ಹರಡಿಗೆ ಸಮಯ ಅಳೆಯುವ ಚಿಪ್. ಕೆಲವೇ ಜನರನ್ನು ಒಂದೊಂದು ಸಲಕ್ಕೆ ಬಿಡುತ್ತಾರೆ, ಎಲ್ಲರೂ ಒಟ್ಟಿಗೆ ನುಗ್ಗುವುದಿಲ್ಲ. ನೀರು ಬೆಚ್ಚಗಿತ್ತು. ಮಲ್ಪೆಯ ಪಾಠ ಕೈಬಿಡಲಿಲ್ಲ. ಅಲೆಯ ಅಡಿಯಿಂದ ಹೋದೆ, ಕಣ್ಣೆತ್ತಿ ಕಿತ್ತಳೆ ಗುರುತು ಹಿಡಿದೆ. ಒಂದು ಗಂಟೆ ಹತ್ತು ನಿಮಿಷದೊಳಗೆ ಹೊರಗೆ ಬರದಿದ್ದರೆ ಅಲ್ಲಿಗೇ ಮುಗಿಯಿತು. ಸಾಕಷ್ಟು ಸಮಯ ಉಳಿಸಿಕೊಂಡೇ ಬಂದೆ.

ಸೈಕಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕುಡಿ, ತುಳಿ, ಕುಡಿ, ತುಳಿ. ಪಂಕ್ಚರ್ ಆಗಲಿಲ್ಲ. ಶುರುವಿನಿಂದ ಐದೂವರೆ ಗಂಟೆಯೊಳಗೆ ಸೈಕಲ್ ಇಳಿಯಬೇಕು, ಇಳಿದೆ.

ಓಟವೇ ನಿಜವಾದ ಪರೀಕ್ಷೆ. ಹೊತ್ತು ನೆತ್ತಿಗೆ ಬಂದಿತ್ತು. ಕರಾವಳಿಯ ಸೆಖೆಯಲ್ಲಿ ಬೆವರು ಆರುವುದೇ ಇಲ್ಲ, ಆರದಿದ್ದರೆ ಮೈ ತಣಿಯುವುದಿಲ್ಲ. ನೀರು ಕೊಡುವ ಪ್ರತಿ ಜಾಗದಲ್ಲೂ ಐಸ್ ತೆಗೆದುಕೊಂಡು ಟೋಪಿಯೊಳಗೆ, ಕತ್ತಿನ ಹಿಂದೆ ಇಟ್ಟುಕೊಂಡೆ. ಓಡುವುದು, ಐಸ್ ಸಿಗುವ ಕಡೆ ನಡೆಯುವುದು, ಮತ್ತೆ ಓಡುವುದು. ಬಂದ ದಾರಿಯಲ್ಲೇ ಮತ್ತೆ ಸುತ್ತಿ ಬರಬೇಕಾದ್ದರಿಂದ ಇವರು ಆಗಾಗ ಕಾಣುತ್ತಿದ್ದರು. ಬೇಲಿಯ ಆಚೆ, ಕೊಡೆ ಹಿಡಿದುಕೊಂಡು, ಕೈಯಲ್ಲಿ ಅದೇ ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದ ಲೆಕ್ಕ. ಮೊದಲ ಸಲ ಕಂಡಾಗ "ಗಂಟೆಗೆ ಐದೂವರೆ ಕಿಲೋಮೀಟರ್ ನಡೆದ್ರೂ ಸಾಕು" ಅಂತ ಕೂಗಿದರು. ಮುಂದಿನ ಸಲ "ಉಪ್ಪು ತಿಂದ್ಯಾ?" ತಿಂದಿರಲಿಲ್ಲ, ಆಗಲೇ ತಿಂದೆ. ಸುತ್ತಲೂ ಜನ ಚಪ್ಪಾಳೆ ತಟ್ಟಿ ಕಮಾನ್ ಕಮಾನ್ ಅನ್ನುತ್ತಿದ್ದರು, ಅದೂ ಬೇಕು. ಆದರೆ ಲೆಕ್ಕ ಇಟ್ಟುಕೊಂಡ ಒಬ್ಬರು ಅಲ್ಲಿ ಇದ್ದಾರೆ ಅನ್ನುವುದೇ ನನ್ನನ್ನು ಓಡಿಸಿದ್ದು.

ಎಂಟು ಗಂಟೆಗೆ ಸ್ವಲ್ಪ ಮುಂಚೆ ಮುಗಿಸಿದೆ. ಕೊನೆಯ ಗೆರೆಯನ್ನು ಮನೆಯವರ ಜೊತೆ ದಾಟುವುದಕ್ಕೂ ನಿಯಮ ಬಿಡುವುದಿಲ್ಲ. ಒಬ್ಬಳೇ ದಾಟಿದೆ, ಮೆಡಲ್ ಹಾಕಿದರು, ಕಣ್ಣಲ್ಲಿ ನೀರು ಬಂತು. ಹೊರಗೆ ಬಂದಾಗ ಇವರು ಮಾತೇ ಆಡಲಿಲ್ಲ. ಮೆಡಲ್ ಕೈಯಲ್ಲಿ ಹಿಡಿದು ತೂಕ ನೋಡುವವರ ಹಾಗೆ ಮೇಲೆ ಕೆಳಗೆ ಆಡಿಸಿದರು. ಆಮೇಲೆ ಅತ್ತೆಗೆ ವಿಡಿಯೋ ಕಾಲ್. "ಕಾಲು ನೋಯ್ತಿದ್ಯಾ? ಬಿಸಿನೀರು ಹಾಕ್ಕೋ. ಇವನು ಊಟ ಮಾಡಿದ್ನಾ?" ಇವರು ಬೆಳಗಿನಿಂದ ಏನೂ ತಿಂದಿರಲಿಲ್ಲ. ನೇರ ಹೋಟೆಲಿಗೆ ಹೋದೆವು.

ಊರಿಗೆ ಬಂದು ನಾಲ್ಕನೇ ದಿನಕ್ಕೆ ದೀಪಾವಳಿ. ಹಬ್ಬ ಮುಗಿದ ಮೇಲೆ ಹಳೆಯ ಹಾಳೆ ತೆಗೆದು ಇಬ್ಬರೂ ಕೂತೆವು. ಅತ್ತೆಯ ಮಾತ್ರೆ, ಡಿಕಾಕ್ಷನ್ ಇವರ ಹತ್ತಿರವೇ ಉಳಿಯಿತು, ವಾಪಸ್ ಕೊಡಲು ಇವರು ಒಪ್ಪಲಿಲ್ಲ. ಭಾನುವಾರದ ಬೆಳಗು ಮಾತ್ರ ಪೂರ್ತಿ ನನ್ನ ಹೆಸರಿಗೆ ಬಂತು, ಸ್ನಾನ, ತಿಂಡಿ, ಡಬ್ಬಿ ಎಲ್ಲ ಸೇರಿ. ಇವರು ಆರು ಗಂಟೆಗೇ ಸ್ಕೂಟರ್ ಹತ್ತಿ ತೋಟಕ್ಕೆ ಹೋಗುತ್ತಾರೆ. ಕಳೆ ಕಿತ್ತು, ನಿಂಬೆ ಸಾಲಿನ ನಡುವೆ ನಂಜನಗೂಡು ರಸಬಾಳೆಯ ಕಂದು ನೆಟ್ಟಿದ್ದಾರೆ. ಈಗ ಅದಕ್ಕೆ ಡ್ರಿಪ್ ಪೈಪ್ ಎಳೆಸುವ ಲೆಕ್ಕ ನಡೆಯುತ್ತಿದೆ. ಪೈಪಿನ ಅಳತೆ ಬರೆದುಕೊಡುವ ಕೆಲಸ ನನ್ನದು.